ಸದ್ದು ಮಾಡದ ಕತ್ತರಿ

ಅಳಿಯ ಮಾಡುವ ಕೆಲಸ ಏನೆಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ಮಾವನ ತಲೆಗೆ ಹತ್ತಿರಲಿಲ್ಲ. ಲೋಹದ ಭಾಗಗಳ ಮೇಲೆ ಪಿಂಗಾಣಿ ಜಾತಿಯ ಲೇಪ ಕೂರಿಸುತ್ತಾರೆ, ಅದು ಕೂದಲೆಳೆಗಿಂತ ಎಷ್ಟೋ ತೆಳು, ಅದೊಂದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಸವೆಯುವುದಿಲ್ಲ ಎಂದು ಮಗಳು ಬಿಡಿಸಿ ಹೇಳಿದ್ದಳು. ಕಣ್ಣಿಗೆ ಕಾಣದ ಬಣ್ಣ ಬಳಿಯುತ್ತಾರೆ ಅನ್ನು, ಎಂದು ಮಾವ ಮಾತು ಮುಗಿಸಿದ್ದರು. ಅವರದು ಕಟಿಂಗ್ ಶಾಪು. ಮಾಡಿದ ಕೆಲಸ ಕನ್ನಡಿಯಲ್ಲಿ ಕಾಣಬೇಕು, ಕಾಣದಿದ್ದರೆ ಅದೆಂಥ ಕೆಲಸ? ಯಾರಾದರೂ ಕೇಳಿದರೆ, 'ಅಳಿಯ ಫ್ಯಾಕ್ಟರೀಲಿ ಏನೋ ಮಾಡ್ತಾರೆ' ಎನ್ನುತ್ತಿದ್ದರು. ಆ 'ಏನೋ' ಅಳಿಯನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಹೀಗಿರುವಾಗ ಮಾವನ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಕತ್ತರಿ ತೆರೆದಾಗಲೆಲ್ಲ ನೋವು ಮೊಣಕೈವರೆಗೂ ಹತ್ತುತ್ತಿತ್ತು. ಕತ್ತರಿ ಬಿಡಿ ಎಂದರು ಡಾಕ್ಟರು. ಮಾವ ಡಾಕ್ಟರನ್ನೇ ಬಿಟ್ಟರು. ಅಂಗಡಿ ಮುಚ್ಚಿದ ಅಪ್ಪ ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನೆನೆದೇ ಮಗಳಿಗೆ ಕಣ್ಣು ತುಂಬಿತು. ನೀವು ಊರಿನ ಯಂತ್ರಕ್ಕೆಲ್ಲ ಲೇಪ ಮಾಡ್ತೀರಲ್ಲ, ಅಪ್ಪನ ಕತ್ತರಿಗೆ ಮಾಡಬಾರದೇ ಎಂದಳು ಗಂಡನಿಗೆ.

ಮಾತು ಸರಿಯಾಗಿ ನಾಟಿತು. ಅಳಿಯ ಅಂಗಡಿಗೆ ಹೋಗಿ ಹಳೆಯ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದ. ಅಲುಗುಗಳು ಒಂದಕ್ಕೊಂದು ಉಜ್ಜುವ ಒಳಮೈಯೆಲ್ಲ ಗೀರುಗೀರು. ಅಷ್ಟು ಒರಟನ್ನು ದಿನವಿಡೀ ಆ ಒಂದು ಹೆಬ್ಬೆರಳೇ ನೂಕಬೇಕು. ಹಳೆಯದನ್ನು ಮುಟ್ಟಲು ಮಾವ ಒಪ್ಪಲಿಲ್ಲ. ಅಳಿಯ ಹೊಸದೊಂದನ್ನು ತಂದು, ಬಿಚ್ಚಿ, ಉಜ್ಜಿ, ತೊಳೆದು, ಕಾರ್ಖಾನೆಯಲ್ಲಿ ಗಾಳಿ ತೆಗೆದ ಕೋಣೆಯೊಳಗಿಟ್ಟು ಲೇಪ ಕೂರಿಸಿದ. ಹಿಡಿಗಳು ತಾಗುವ ಕಡೆ ಮೆತ್ತನೆ ರಬ್ಬರನ್ನೂ ಸೇರಿಸಿದ. ಕಿವಿಯ ಹತ್ತಿರ ಹಿಡಿದು ಆಡಿಸಿದರೆ ಚೂರೂ ಸದ್ದಿಲ್ಲ. ಅವನ ಕಾರ್ಖಾನೆಯಲ್ಲಿ ಸದ್ದೆಂದರೆ ಸವೆತ, ಸದ್ದು ನಿಂತರೆ ಗೆದ್ದಂತೆ. ಅಳಿಯ ಉಬ್ಬಿಹೋದ.

ಮಾವ ಕತ್ತರಿಯನ್ನು ಬೆರಳಿಗೆ ಏರಿಸಿ ಗಾಳಿಯಲ್ಲಿ ಆಡಿಸಿದರು. ಹುಬ್ಬು ಮೇಲೇರಿತು. ಅವರ ಮಟ್ಟಿಗೆ ಅದೇ ಹೊಗಳಿಕೆ.

ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವುದು ಅವರ ಅಭ್ಯಾಸ. ಸ್ವಲ್ಪ ಹೊತ್ತಾದ ಮೇಲೆ ಅವರು ತಾಳ್ಮೆಗೆಟ್ಟು, "ಶುರು ಮಾಡಪ್ಪಾ, ಎಷ್ಟೊತ್ತು ಕೂರಿಸ್ತೀಯ?" ಎಂದರು. ಅರ್ಧ ಮುಗೀತು ಎಂದರು ಮಾವ. ಮೇಷ್ಟ್ರು ಕಣ್ಣು ಬಿಟ್ಟು, ತಮಗೆ ಹೇಳದೆ ಕೇಳದೆ ತಲೆಗೆ ಕನ್ನ ಹಾಕಿದ್ದಾರೆ ಎಂಬಂತೆ ಕನ್ನಡಿ ನೋಡಿದರು. ಆಮೇಲೆ ಬಂದ ಬಸ್ ಕಂಡಕ್ಟರು, ಸದ್ದಿಲ್ಲದ್ದರಿಂದ ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ತಿರುತಿರುಗಿ ನೋಡಿ, ಒಂದು ಕಿವಿಯ ಮೇಲಿನ ಕೂದಲು ಪೂರ್ತಿ ಕಳೆದುಕೊಂಡ. ಸಮ ಮಾಡಲು ಹೋಗಿ ಇನ್ನೊಂದು ಕಡೆಯದೂ ಹೋಯಿತು. ಮುದುಕನ ಕೈ ಬಿದ್ದುಹೋಗಿದೆ, ಬರೀ ಬಾಚಣಿಗೆ ಆಡಿಸುತ್ತಾನೆ ಎಂದು ಬೀದಿಯಲ್ಲಿ ಸುದ್ದಿ ಹಬ್ಬಿತು. ಗಿರಾಕಿಗಳು ಎದುರಿನ ಅಂಗಡಿಗೆ ಜಾರಿದರು. ಮಾವ ಹಲ್ಲು ಕಚ್ಚಿಕೊಂಡು ಹಳೆಯ ಕತ್ತರಿ ಹಿಡಿದರು, ಹೆಬ್ಬೆರಳು ಮತ್ತೆ ಊದಿತು.

ಅಳಿಯ ಹುಳ್ಳಗಾದ ಮುಖ ಹೊತ್ತು ಅಂಗಡಿಗೆ ಬಂದ. ಬೈಗುಳಕ್ಕೆ ಸಿದ್ಧನಾಗಿದ್ದ. ಮಾವ ಬೈಯಲಿಲ್ಲ, ಅದೇ ಅವನನ್ನು ಹೆಚ್ಚು ನೋಯಿಸಿತು.

"ನಿಮ್ಮ ಕತ್ತರಿಗೆ ಹೆಸರಿಡೋ ಹಾಗಿಲ್ಲ," ಎಂದರು. "ಆದ್ರೆ ಜನ ಕಟಿಂಗ್ ಮಾಡಿಸ್ಕೊಳ್ಳೋದು ಕಿವೀಲಿ."

ಅಷ್ಟರಲ್ಲಿ ಮೇಷ್ಟ್ರು ಬಂದರು. ಎದುರಿನ ಅಂಗಡಿಯ ರೇಡಿಯೋ ಅವರಿಗೆ ಒಗ್ಗಿರಲಿಲ್ಲ. ಇದೊಂದು ಸಲ ಹೊಸದರಲ್ಲೇ ಮಾಡಿ ಎಂದು ಅಳಿಯ ಬೇಡಿಕೊಂಡ. ಮಾವ ಶುರು ಮಾಡಿದರು. ಮೇಷ್ಟ್ರು ಕಣ್ಣು ಮುಚ್ಚಿದರೂ ಭುಜ ಬಿಗಿಹಿಡಿದೇ ಕೂತಿದ್ದರು. ಹಿಂದಿನ ಬೆಂಚಿನ ಮೇಲೆ ಅಳಿಯ ಹಳೆಯ ಕತ್ತರಿಯನ್ನು ತೆರೆದು ಮುಚ್ಚಿ, ತಾನು ಎಲ್ಲಿ ಎಡವಿದೆನೆಂದು ನೋಡುತ್ತಿದ್ದ. ಕಚ ಕಚ, ಕಚ ಕಚ. ಮೇಷ್ಟ್ರ ಭುಜ ಇಳಿಯಿತು. ತಲೆ ಹಗುರವಾಗಿ ವಾಲಿತು. ಸಣ್ಣಗೆ ಗೊರಕೆಯೂ ಬಂತು.

ಮಾವನೂ ಅಳಿಯನೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಇನ್ನೂ ಹತ್ತಿರ ಬನ್ನಿ ಎಂದು ಮಾವ ಗಲ್ಲದಲ್ಲೇ ಸನ್ನೆ ಮಾಡಿದರು.

ಈಗ ರಜಾ ದಿನ ಬಂತೆಂದರೆ, ವಾರವಿಡೀ ಲೋಹದ ಸದ್ದಡಗಿಸುವ ಆಸಾಮಿ ಕುರ್ಚಿಯ ಹಿಂದೆ ನಿಂತು ಹಳೆಯ ಕತ್ತರಿಯಿಂದ ಗಾಳಿ ಕತ್ತರಿಸುತ್ತಾನೆ. ಉಳಿದ ದಿನ ಅದು ಅತ್ತೆಯ ಪಾಲು. ಅತ್ತೆಯ ಕೈಯ ಸದ್ದೇ ಚೆನ್ನ ಎಂಬ ಮಾತು ಅಳಿಯನ ಕಿವಿಗೂ ಬಿದ್ದಿದೆ. ಗುಟ್ಟು ಎಲ್ಲರಿಗೂ ಗೊತ್ತು, ಯಾರಿಗೂ ಬೇಸರವಿಲ್ಲ. ಹೆಬ್ಬೆರಳಿನ ಊತ ಇಳಿದಿದೆ.

ಮೊನ್ನೆ ಹೊಸ ಗಿರಾಕಿಯೊಬ್ಬ ಕಣ್ಣು ಮುಚ್ಚುವ ಮುಂಚೆ, ಹಿಂದೆ ನಿಂತಿರೋದು ಯಾರು ಎಂದು ಕೇಳಿದ. 'ಫ್ಯಾಕ್ಟರೀಲಿ ಏನೋ' ಎಂಬ ಉತ್ತರಕ್ಕೆ ಅಳಿಯ ಮನಸ್ಸು ಗಟ್ಟಿ ಮಾಡಿಕೊಂಡ.

"ನಮ್ಮ ಅಳಿಯ," ಎಂದರು ಮಾವ, ಕೂದಲಿನಿಂದ ಕಣ್ಣು ತೆಗೆಯದೆ. "ನನ್ನ ಕೈ ಉಳಿಸಿದ್ದು ಇವರ ಕೆಲಸ."

ಹಳೆಯ ಕತ್ತರಿ ಆಡಿಸುತ್ತಿದ್ದ ಅಳಿಯನ ಕೈ ತಾನಾಗಿ ನಿಂತುಬಿಟ್ಟಿತು.

ಮಾವನ ಕತ್ತರಿ ಮಾತ್ರ ಸದ್ದಿಲ್ಲದೆ ಸರಾಗವಾಗಿ ಓಡುತ್ತಲೇ ಇತ್ತು. ಗಿರಾಕಿ ಕಣ್ಣು ಬಿಟ್ಟು, "ಯಾಕ್ರೀ, ನಿಲ್ಲಿಸಿಬಿಟ್ರಿ?" ಎಂದ.