ಕೆಂಪು ಸಿಮೆಂಟು

"ಇನ್ನೂ ದೊಡ್ಡ ಗಾಳ ತರಿಸಿ ಇನ್ನೊಂದೇ ಒಂದ್ಸಲ ಎಳೆದು ನೋಡೋಣ, ಮೇಡಂ. ಈ ಸಲ ಬಂದೇ ಬರತ್ತೆ," ಎಂದ ಲಖ್ದರ್.

ಎಲ್ಲರೆದುರು ಅವನು ಹೆಂಡತಿಯನ್ನು ಹಾಗೇ ಕರೆಯುತ್ತಿದ್ದ. ವಿಕಿರಣ ಸುರಕ್ಷತೆಯ ಹೊಣೆ ಹೊತ್ತಿದ್ದ ಝುಲೀಖಾ ತಲೆ ಎತ್ತಲಿಲ್ಲ. ತೈಲಬಾವಿಯಿಂದ ಮೇಲೆ ಬರುತ್ತಿದ್ದ ಕೆಸರಿಗೆ ವಿಕಿರಣ ಅಳೆಯುವ ಯಂತ್ರ ಹಿಡಿದು ಮುಳ್ಳನ್ನೇ ನೋಡುತ್ತಿದ್ದಳು. ಮುಳ್ಳು ಅಲುಗಲಿಲ್ಲ. ಮೂರು ಸಾವಿರ ಮೀಟರ್ ಆಳದಲ್ಲಿ ಸಿಕ್ಕಿಬಿದ್ದಿದ್ದ ಹೆಬ್ಬೆರಳಿನಷ್ಟು ಗಾತ್ರದ ವಿಕಿರಣದ ಗುಳಿಗೆ ಇನ್ನೂ ಒಡೆದಿರಲಿಲ್ಲ.

ಬಂಡೆಯ ಪದರಗಳನ್ನು ಅಳೆಯಲೆಂದು ಅದನ್ನು ಇಳಿಸಿದವನು ಲಖ್ದರನೇ. ಅವನು ರಜೆಗೆ ಹೊರಡುವ ಹಿಂದಿನ ದಿನವೇ ಅದು ಸಿಕ್ಕಿಕೊಳ್ಳಬೇಕೇ! ಮೂರು ವರ್ಷದಿಂದ ಗಂಡ ಹೆಂಡಿರ ಸಂಸಾರ ಮರುಭೂಮಿಯ ತೈಲಪಟ್ಟಣ ಹಸ್ಸಿ ಮೆಸೌದಿನ ವಿಮಾನ ನಿಲ್ದಾಣದಲ್ಲೇ ಸಾಗಿತ್ತು. ನಾಲ್ಕು ವಾರ ಅವನ ಪಾಳಿ, ನಾಲ್ಕು ವಾರ ಅವಳದು. ಬಿಸ್ಕ್ರಾದ ಮನೆಯಲ್ಲಿ ಮಗಳ ಜೊತೆ ಒಬ್ಬರಾದರೂ ಇರಬೇಕಲ್ಲ. ಅವಳು ಇಳಿದ ವಿಮಾನವನ್ನೇ ಅವನು ಹತ್ತುತ್ತಿದ್ದ. ನಡುವೆ ಅರ್ಧ ಗಂಟೆ, ಒಂದು ಕಾಫಿ, ಮಗಳ ಕೆಮ್ಮಿನ ಸುದ್ದಿ.

ಈಗ ಅವಳು ಬಂದರೂ ಅವನು ಹೋಗುವಂತಿರಲಿಲ್ಲ; ಒಂಬತ್ತು ದಿನದಿಂದ ಮಗು ಅಜ್ಜಿಯ ಪಾಲಾಗಿತ್ತು, ಇವರಿಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಮಲಗುವ ಕೋಣೆಗಳು ಬೇರೆ ಬೇರೆ. ಅದು ಶಿಬಿರದ ಕಟ್ಟುಪಾಡು. ಆದರೂ ಅವನು ರೊಟ್ಟಿ ಮುರಿದು ಗರಿಗರಿ ಅಂಚನ್ನು ಕೇಳದೆಯೇ ಅವಳ ತಟ್ಟೆಗೆ ಹಾಕಿದಾಗ ಅವಳು ಅದನ್ನು ಕೊನೆಯವರೆಗೆ ಉಳಿಸಿಕೊಂಡು ತಿನ್ನುತ್ತಿದ್ದಳು. ಇಷ್ಟಕ್ಕೂ ಹಂಬಲಿಸುವಂತಾಯಿತಲ್ಲ ಎಂದು ಸಿಟ್ಟೂ ಬರುತ್ತಿತ್ತು.

ರಿಗ್ಗಿನ ಮುಖ್ಯಸ್ಥ ತಯ್ಯಿಬ್ ಹಾಜಿ ಅವಳ ಸಹಿಗೆಂದು ಕಾಗದ ಮುಂದೆ ಚಾಚಿದ. "ಗಂಡ ಇಷ್ಟು ಗೋಗರೀತಿದಾನೆ, ಹೂಂ ಅನ್ನಮ್ಮ. ಗಾಳ ಬರೋಕೆ ಒಂದು ವಾರ. ಬೇಡ ಅಂದ್ರೆ ಇವತ್ತೇ ಸಿಮೆಂಟು ಸುರಿದು ಬಾವಿ ಮುಚ್ತೀನಿ."

"ಸ್ವಲ್ಪ ತಾಳಿ, ಹಾಜಿ." ಅವಳು ಲಖ್ದರನನ್ನು ಪಕ್ಕಕ್ಕೆ ಕರೆದಳು. "ಇನ್ನೂ ಜೋರಾಗಿ ಎಳೆದ್ರೆ ಗುಳಿಗೆ ಒಡೆಯಲ್ಲ ಅಂತ ಮಗಳಾಣೆ ಮಾಡಿ ಹೇಳು ನೋಡೋಣ."

ಅವನು ಬೂಟಿನಿಂದ ಮರಳು ಕೆದರಿದ. "ಹೇಗೆ ಹೇಳ್ಲಿ?"

"ಮತ್ತೆ?"

"ಒಂದು ವಾರ ಸಿಗತ್ತಲ್ಲ, ಝುಲೀ."

"ನಂಗೂ ಅದೇ ಬೇಕು ಕಣೋ. ಅದಕ್ಕೇ ಹೂಂ ಅನ್ನೋಕೆ ಹೆದರಿಕೆ."

ಬಾವಿ ಮುಚ್ಚಲು ಹೇಳಿ ಅವಳು ಸಹಿ ಹಾಕಿದಳು. ಅಕ್ಷರ ಸೊಟ್ಟಗಾಯಿತು.

ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಕೆಳಗಿಳಿಸಿದರು. ಮುಂದೆಂದಾದರೂ ಯಾರೋ ತಿಳಿಯದೆ ಕೊರೆದರೆ ಕೆಂಪು ಕೆಸರು ಮೇಲೆ ಬಂದು ಅವರ ಕೈ ತಡೆಯಲಿ ಎಂದು. ನಾನೂರು ವರ್ಷ ಕಳೆದರೂ ಆ ಗುಳಿಗೆಯ ಶಕ್ತಿ ಅರ್ಧಕ್ಕಷ್ಟೇ ಇಳಿಯುವುದು.

ಮರುದಿನ ಬಾವಿಯ ಬಾಯಿಗೆ ಎಚ್ಚರಿಕೆಯ ಫಲಕ ಹಾಕುವುದೊಂದು ಬಾಕಿ ಇತ್ತು. ಇಲ್ಲಿ ಕೊರೆಯಬೇಡಿ ಎಂದು ಅರಬ್ಬಿಯಲ್ಲೂ ಫ್ರೆಂಚಿನಲ್ಲೂ ಕೆತ್ತಿದ ಲೋಹದ ಹಲಗೆ. ಲಖ್ದರನನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಜೀಪು ಆಗಲೇ ಬಂದು ನಿಂತಿತ್ತು. ಝುಲೀಖಾ ಫಲಕವನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಬಿಸಿಲಿಗೆ ಅದು ಕೈಗವಸಿನೊಳಗೂ ಸುಡುತ್ತಿತ್ತು. ಲಖ್ದರ್ ಮೂರು ಬೋಲ್ಟುಗಳನ್ನು ಸರಸರನೆ ಬಿಗಿದು ನಾಲ್ಕನೆಯದಕ್ಕೆ ಬಂದ.

ಡ್ರೈವರ್ ಎರಡನೆಯ ಸಲ ಹಾರ್ನ್ ಹೊಡೆದ.

"ಬಿಗೀತಾ?" ಎಂದಳು.

"ಇನ್ನೂ ಇಲ್ಲ."

ಅವನು ಸ್ಪ್ಯಾನರ್ ತಿರುಗಿಸುತ್ತಲೇ ಇರಲಿಲ್ಲ. ಅವಳೂ ಫಲಕದಿಂದ ಕೈ ತೆಗೆಯಲಿಲ್ಲ.