ಆಗ್ವಾ ಹುಡುಕಲು ಹೋದವಳು

ನನ್ನ ಗಂಟಲು ಬೀದಿಗೆಲ್ಲ ಗೊತ್ತು. ಮಹದೇವಪುರದ ನಮ್ಮ ಸ್ಕೂಲಲ್ಲಿ ಬೆಳಗ್ಗೆ ನಾನು ಹಾಜರಿ ಕೂಗಿದ್ರೆ ಎದುರು ಬೇಕರಿಯೋನು "ಪ್ರೆಸೆಂಟ್ ಮಿಸ್" ಅಂತ ಹಲ್ಲು ಕಿಸೀತಾನೆ. ಕಿಸೀಲಿ ಬಿಡಿ. ಐದೈದು ವರ್ಷದ ಇಪ್ಪತ್ತೆರಡು ಮಕ್ಕಳನ್ನ ಒಂದು ರೂಮಲ್ಲಿ ಇಡೀ ದಿನ ಅವನು ಸುಧಾರಿಸ್ಲಿ, ಆಮೇಲೆ ಮಾತಾಡ್ಲಿ. ನಾನು ಭುವನೇಶ್ವರಿ, ಹನ್ನೊಂದು ವರ್ಷದಿಂದ ಯುಕೆಜಿ ಮಿಸ್ಸು. ಕೂಗ್ತೀನಿ, ಬೈತೀನಿ, ಆದ್ರೆ ಒಂದು ಮಗುವಿನ ಮೇಲೂ ಇವತ್ತಿನವರೆಗೆ ಕೈ ಎತ್ತಿಲ್ಲ. ಆ ವಿಷಯದಲ್ಲಿ ನನಗೆ ನನ್ನ ಮೇಲೆ ಬಹಳ ಹೆಮ್ಮೆ ಇತ್ತು.

ಈ ವರ್ಷ ಜೂನಲ್ಲಿ ನಮ್ಮ ಸ್ಕೂಲಿಗೆ ಸ್ಪ್ಯಾನಿಷ್ ಬಂತು. ಅದು ಓನರ್ ಶಶಿಕುಮಾರ್ ಸಾರ್ ತಲೆಗೆ ಹೊಳೆದದ್ದು. ದೊಡ್ಡ ಸ್ಕೂಲುಗಳಲ್ಲಿ ಫ್ರೆಂಚ್ ಇದೆಯಂತೆ, ಜರ್ಮನ್ ಇದೆಯಂತೆ, ನಮ್ಮಲ್ಲಿ ಏನೂ ಇಲ್ಲ ಅಂದ್ರೆ ಟೆಕ್ ಪಾರ್ಕ್ ಪೇರೆಂಟ್ಸ್ ಯಾಕೆ ಬರ್ತಾರೆ ಅಂತ. "ಸಾರ್, ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ, ಇನ್ನು ಸ್ಪ್ಯಾನಿಷ್ ಎಲ್ಲಿಂದ ತರ್ಲಿ?" ಅಂದೆ. "ನೀವು ಕಲಿಸೋದೇ ಬೇಡ ಮೇಡಂ, ಬೋರ್ಡೇ ಕಲಿಸುತ್ತೆ. ನೀವು ಬರೀ ಬೆರಳಿಡಿ" ಅಂದ್ರು. ಬಾಗಿಲಷ್ಟು ಅಗಲದ ಟಚ್ ಬೋರ್ಡ್ ಗೋಡೆ ಮೇಲೆ ಕೂತ್ಕೊಳ್ತು. ಜೊತೆಗೆ ಐದು ಟ್ಯಾಬ್. ಬೋರ್ಡ್ ಒಳಗೆ ಪೆಪೆ ಅಂತ ಒಂದು ಹಸಿರು ಗಿಣಿ. ಆ ಗಿಣಿ ಹೇಳಿದ್ದನ್ನ ಮಕ್ಕಳು ಹೇಳ್ಬೇಕು. ಮಕ್ಕಳಿಗಿಂತ ಮುಂಚೆ ನಾನು ಮನೇಲಿ ಒಗ್ಗರಣೆ ಹಾಕ್ತಾ ಹಾಕ್ತಾ ಬಾಯಿಪಾಠ ಮಾಡ್ಕೋಬೇಕು. ಗಾತೋ ಅಂದ್ರೆ ಬೆಕ್ಕು. ಫ್ಲೋರ್ ಅಂದ್ರೆ ಹೂವು. ಸಪಾತೋ ಅಂದ್ರೆ ಶೂ.

ಮಕ್ಕಳಿಗೆ ಪ್ರಾಣ ಅಂದ್ರೆ ಫೋಟೋ ಆಟ. ಗಿಣಿ ಒಂದು ಪದ ಹೇಳುತ್ತೆ, ಅದು ಟ್ಯಾಬಲ್ಲೂ ಕೇಳ್ಸುತ್ತೆ, ಆದ್ರೆ ಚಿತ್ರ ತೋರ್ಸಲ್ಲ. ಐದು ಮಕ್ಕಳು ಐದು ಟ್ಯಾಬ್ ಹಿಡ್ಕೊಂಡು ಓಡಿ ಆ ವಸ್ತು ಹುಡುಕಿ ಫೋಟೋ ತೆಗೀಬೇಕು. ತೆಗೆದ ತಕ್ಷಣ ಅದು ಬೋರ್ಡ್ ಮೇಲೆ ಬಂದು ಕೂರುತ್ತೆ, ಸರಿ ಇದ್ರೆ ಗಿಣಿ ಚಪ್ಪಾಳೆ ತಟ್ಟುತ್ತೆ. ನಮ್ಮ ಕ್ಲಾಸು ಮೊದಲನೇ ಮಹಡೀಲಿ. ಮಕ್ಕಳು ಓಡಾಡೋದು ಕಾರಿಡಾರಲ್ಲಿ ಮಾತ್ರ. ಯಾರೂ ಕೆಳಗೆ ಇಳೀಬಾರ್ದು ಅಂತ ಆಯಾ ಮುನಿಯಕ್ಕ ಮೆಟ್ಟಿಲ ತಲೇಲಿ ಸ್ಟೂಲ್ ಹಾಕ್ಕೊಂಡು ಕೂತಿರ್ತಾಳೆ. ಮುನಿಯಕ್ಕ ಇಲ್ಲಿ ಅಪಾರ್ಟ್‌ಮೆಂಟ್ ಏಳೋ ಮುಂಚಿಂದ ಇರೋ ಊರಿನವಳು. ಅವಳನ್ನ ದಾಟಿ ಬೆಕ್ಕೂ ಇಳಿಯಲ್ಲ.

ಆ ಗುರುವಾರ ಮುನಿಯಕ್ಕ ಸ್ಟೂಲ್ ಮೇಲೆ ಇರ್ಲಿಲ್ಲ. ಇರ್ಲಿಲ್ಲ ಅಂದ್ರೆ, ನಾನೇ ಕಳ್ಸಿದ್ದೆ.

ಬುಧವಾರ ಗೇಟಿನ ಪಕ್ಕ ನೆಲದೊಳಗಿರೋ ನೀರಿನ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ರು. ಗುರುವಾರ ಬೆಳಗ್ಗೆ ನಲ್ಲಿ ಬಿಟ್ರೆ ಆಸ್ಪತ್ರೆ ವಾಸನೆ, ಮಕ್ಕಳೆಲ್ಲ ಮೂಗು ಮುಚ್ಕೊಂಡ್ವು. ಹತ್ತೂವರೆಗೆ ನೀರಿನ ಟ್ಯಾಂಕರ್ ಬಂದು ಹಾರ್ನ್ ಹೊಡೀತು. ವಾಚ್‌ಮನ್ ರಜ. "ಮುನಿಯಕ್ಕ, ನೀವೇ ಹೋಗಿ ಗೇಟ್ ತೆಗೀರಿ. ನೀರು ಬಿಟ್ಟಾದ್ಮೇಲೆ ಮುಚ್ಚಳ ಹಾಕ್ಬೇಡಿ, ವಾಸನೆ ಹೋಗ್ಲಿ. ಮಕ್ಕಳು ಹೇಗೂ ಮೇಲಿರ್ತಾವೆ" ಅಂದೆ. ಈ ಬಾಯಲ್ಲೇ ಅಂದೆ.

"ಮಕ್ಳು ಕೆಳೀಕ್ ಬಂದಾವು ಮಿಸ್ಸಮ್ಮಾ" ಅಂದ್ಲು ಅವಳು.

"ನಾನಿಲ್ವಾ? ಹೋಗಿ ನೀವು" ಅಂತ ಗದರಿಸ್ದೆ.

ಶನಿವಾರ ಪೇರೆಂಟ್ಸ್ ಮುಂದೆ ಈ ಆಟ ಆಡಿ ತೋರಿಸ್ಬೇಕಿತ್ತು. ಅದಕ್ಕೇ ಅವಸರ. ಗಿಣಿ "ಆಗ್ವಾ" ಅಂತು. ಆಗ್ವಾ ಅಂದ್ರೆ ನೀರು. ನಾಲ್ಕು ಮಕ್ಕಳು ತಮ್ಮ ವಾಟರ್ ಬಾಟ್ಲು ಫೋಟೋ ತೆಗೆದ್ವು. ಐದನೇ ಟ್ಯಾಬ್ ಲಾವಣ್ಯನ ಕೈಲಿತ್ತು. ಎರಡು ಜಡೆಗೆ ಕೆಂಪು ರಿಬ್ಬನ್ನು, ಮಾತು ಕಮ್ಮಿ, ಕೇಳಿದ್ದಕ್ಕೆ ಬೇಗ ಉತ್ತರ ಹೇಳಲ್ಲ. ಹಿಂದಿನ ದಿನವಷ್ಟೇ ಸಪಾತೋ ಎಲ್ಲಿ ಅಂತ ಬೋರ್ಡ್ ಕೇಳಿದ್ರೆ ಮೂರು ಸಲವೂ ಛತ್ರಿ ಚಿತ್ರದ ಮೇಲೆ ಬೆರಳಿಟ್ಟಿದ್ಲು, ನಾನು ಇಡೀ ಕ್ಲಾಸ್ ಮುಂದೆ "ನಿನ್ನ ತಲೇಲಿ ಏನಿದೆ, ಮಣ್ಣಾ?" ಅಂತ ಕೂಗಿದ್ದೆ. ಇವತ್ತೂ ಅವಳು ಬಾಟ್ಲು ಎತ್ಕೊಳ್ಳೋದನ್ನ ನೋಡಿ ನನಗೆ ಉರಿದುಹೋಯ್ತು.

"ಎಲ್ಲರೂ ಬಾಟ್ಲೇನಾ? ಕಾಪಿ ಹೊಡೆಯೋಕಾ ಇಲ್ಲಿಗೆ ಬರೋದು? ಲಾವಣ್ಯ, ನೀನು ಬೇರೆ ನೀರು ಹುಡುಕು ಹೋಗು. ಸಿಗದೇ ಬಂದ್ಯೋ, ನೋಡು!"

ಅವಳು ಟ್ಯಾಬನ್ನ ಎದೆಗವಚಿಕೊಂಡು ಹೊರಗೆ ಹೋದ್ಲು. ಕಾರಿಡಾರ್ ಕೊನೇಲಿ ವಾಷ್ ಬೇಸಿನ್ ಇದೆ, ಅಲ್ಲಿಗೆ ಹೋಗ್ತಾಳೆ ಅಂದ್ಕೊಂಡೆ. ಬೆಳಗ್ಗೆ ವಾಸನೆ ಅಂತ ಆ ನಲ್ಲಿ ವಾಲ್ವ್ ಬಂದ್ ಮಾಡಿಸಿದ್ದು ನಾನೇ, ಅದು ಮರೆತೇ ಹೋಗಿತ್ತು.

ಅಷ್ಟರಲ್ಲಿ ಹಿಂದಿನ ಸಾಲಲ್ಲಿ ಇಬ್ಬರು ಒಂದು ಟ್ಯಾಬ್‌ಗೆ ಜಗ್ಗಾಡಿ ಒಬ್ಬ ಇನ್ನೊಬ್ಬನ ಕೈ ಕಚ್ಚಿದ. ಅವರನ್ನ ಬಿಡ್ಸಿ, ಅಳೋನ ಮೂಗು ಒರೆಸಿ, ಬೋರ್ಡ್ ಕಡೆ ತಿರುಗೋ ಹೊತ್ತಿಗೆ ನಾಲ್ಕು ನಿಮಿಷ ಆಗಿರ್ಬೇಕು. ಬೋರ್ಡ್ ಮೇಲೆ ಲಾವಣ್ಯನ ಹೆಸರಿನ ಕೆಳಗೆ ಫೋಟೋಗಳು ಬಂದು ಕೂತಿದ್ವು.

ಮೊದಲನೇದು ಒಣಗಿದ ವಾಷ್ ಬೇಸಿನ್. ಎರಡನೇದರಲ್ಲಿ ಏನೂ ಗೊತ್ತಾಗ್ಲಿಲ್ಲ, ಬರೀ ಬೂದು ಬಣ್ಣ, ಅಲುಗಾಡಿದ ಫೋಟೋ. ಹತ್ರ ಹೋಗಿ ನೋಡಿದೆ. ಮೆಟ್ಟಿಲು ಅದು. ಮೂರನೇದು ಟ್ಯಾಂಕರಿನ ನೀಲಿ ಪೈಪು, ಅಂಗಳದ ಕಲ್ಲಿನ ಮೇಲೆ. ನಾಲ್ಕನೇದರಲ್ಲಿ ಚೌಕಾಕಾರದ ಕಪ್ಪು ತೂತು, ಪಕ್ಕದಲ್ಲಿ ಒರಗಿಸಿಟ್ಟ ಕಬ್ಬಿಣದ ಮುಚ್ಚಳ.

ಅಯ್ಯೋ ದೇವರೇ.

ಇನ್ನೊಂದು ಫೋಟೋ ಟಣ್ ಅಂತ ಬಂತು. ಈ ಸಲ ಕಪ್ಪು ನೀರು ಮಾತ್ರ, ಬೋರ್ಡ್ ತುಂಬ. ನೀರಿನೊಳಗೆ ಒಂದು ಪುಟ್ಟ ಮುಖ, ಎರಡು ಜಡೆ, ಮುಖದ ಮುಂದೆ ಟ್ಯಾಬ್. ಅಂದ್ರೆ ಅವಳು ಸಂಪಿನ ಅಂಚಲ್ಲಿ ಹೊಟ್ಟೆ ಮೇಲೆ ಮಲಗಿ ಒಳಗೆ ಬಗ್ಗಿದ್ಲು. ಗಿಣಿ ರೆಕ್ಕೆ ಬಡಿದು ಚಪ್ಪಾಳೆ ತಟ್ತು. ಮಕ್ಕಳೆಲ್ಲ ಗಿಣಿ ಜೊತೆ ತಟ್ಟಿದ್ವು.

ಎಂಟಡಿ ಆಳ ಆ ಸಂಪು. ಟ್ಯಾಂಕರ್ ನೀರು ಬಿಟ್ಟು ತುಂಬಿಸಿದೆ.

ಕೂಗೋಣ ಅಂತ ಬಾಯಿ ತೆಗೆದೋಳು ಹಾಗೇ ಮುಚ್ಚಿದೆ. ನಾನು ಕೂಗಿದ್ರೆ ಆ ಮಗು ಬೆಚ್ಚಿಬೀಳುತ್ತೆ. ನನಗೆ ಗೊತ್ತು, ನೋಡಿದೀನಿ, ಹೆಸರು ಕೂಗಿದ್ರೆ ಸಾಕು ಮೈಯೆಲ್ಲ ಅದುರುತ್ತೆ ಅದಕ್ಕೆ. ಅಂಚಲ್ಲಿ ಮಲಗಿರೋ ಮಗು ಅದುರಿದ್ರೆ ಎಲ್ಲಿಗೆ ಹೋಗುತ್ತೆ? ಬೋರ್ಡ್ ಮೂಲೇಲಿ ಎಲ್ಲರನ್ನೂ ವಾಪಸ್ ಕರೆಯೋ ಬಟನ್ ಇದೆ, ಒತ್ತಿದ್ರೆ ಐದೂ ಟ್ಯಾಬಲ್ಲಿ ಹಾಡು ಬರುತ್ತೆ. ಬೆರಳು ಅಲ್ಲಿವರೆಗೂ ಹೋಯ್ತು. ಆ ಹಾಡಿಗೆ ಕಪ್ಪೆ ಥರ ಕುಪ್ಪಳಿಸ್ಬೇಕು ಅಂತ ಒಂದು ತಿಂಗಳು ಕಲಿಸಿದ್ದೋಳು ನಾನೇ. ನನ್ನ ಕ್ಲಾಸಲ್ಲಿ ಆ ಹಾಡು ಬಂದ್ರೆ ಕುಪ್ಪಳಿಸದ ಮಗುವೇ ಇಲ್ಲ. ಬೆರಳು ಹಿಂದಕ್ಕೆ ತಗೊಂಡೆ.

ಓಡೋಣ ಅಂದ್ರೆ ಕಾರಿಡಾರ್ ಉದ್ದ ಇದೆ, ಆಮೇಲೆ ಮೆಟ್ಟಿಲು, ಆಮೇಲೆ ಅಂಗಳ. ಅಷ್ಟರಲ್ಲಿ ಇನ್ನೊಂದು ಫೋಟೋಗೆ ಅಂತ ಇನ್ನೊಂದು ಗೇಣು ಮುಂದೆ ಬಗ್ಗಿದ್ರೆ?

ಹೊಸ ಪದ ಕೊಡ್ಬೇಕು. ಗಿಣಿ ಮೆತ್ತಗೆ ಇನ್ನೊಂದು ಪದ ಹೇಳಿದ್ರೆ ಅವಳು ಎದ್ದು ಅದನ್ನ ಹುಡುಕ್ಕೊಂಡು ಹೋಗ್ತಾಳೆ. ಬೋರ್ಡ್ ಪಕ್ಕದ ಪಟ್ಟಿ ಮೇಲೆ ಕಣ್ಣು ಓಡಿಸ್ದೆ, ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತಿದ ಹಾಗೆ ಕಾಣ್ತಿತ್ತು. ಗಾತೋ ಅವಳಿಗೆ ಚೆನ್ನಾಗಿ ಬರುತ್ತೆ, ಆದ್ರೆ ನಮ್ಮ ಸ್ಕೂಲಿನ ಹಾಳು ಬೆಕ್ಕು ಮಲಗೋದೇ ಸಂಪಿನ ಪಕ್ಕದ ಕಾಂಪೌಂಡ್ ಮೇಲೆ. ಫ್ಲೋರ್ ಬೇಡ, ಹೂವಿನ ಕುಂಡಗಳು ಸಂಪಿನ ಸುತ್ತಾನೇ ಇವೆ. ಸೂರ್ಯ ಅಂದ್ರೆ ಮೇಲೆ ನೋಡ್ಕೊಂಡು ಕಾಲು ಇಡ್ತಾಳೆ. ಮೂಗು ಅಂದ್ರೆ ನೀರಲ್ಲೇ ಕಾಣ್ತಿದೆ. ಕುರ್ಚಿ ಅಂದ್ರೆ ವಾಚ್‌ಮನ್ ಕುರ್ಚಿ ಸಂಪಿನ ಆ ಕಡೆ. ಎಲ್ಲಾ ಅಲ್ಲೇ ಸಾಯ್ಬೇಕಾ!

ಸಪಾತೋ. ಮಕ್ಕಳು ಶೂ ಬಿಡೋದು ಕಟ್ಟಡದ ಒಳಗೆ, ಮೆಟ್ಟಿಲ ಕೆಳಗಿನ ಸಂದೀಲಿ. ಅದೊಂದೇ ಪದ ಅವಳನ್ನ ನೀರಿಂದ ಈಚೆ ತರೋದು. ಅದೊಂದೇ ಪದ ಅವಳಿಗೆ ಬರದೇ ಇದ್ದದ್ದು. ಛತ್ರಿ ಅಂದ್ಕೊಂಡ್ರೆ? ಏನು ಅಂತ ಗೊತ್ತಾಗದೆ ಅಲ್ಲೇ ಯೋಚಿಸ್ತಾ ಮಲಗಿದ್ರೆ? ತಾಯಿ, ನಿನ್ನೆ ನಾನು ಕೂಗಿದ್ದರಲ್ಲಿ ಒಂದು ಚೂರಾದ್ರೂ ಇವಳ ತಲೆಗೆ ಹೋಗಿರ್ಲಿ ಅಂತ ಬೇಡ್ಕೊಂಡು ಒತ್ತಿದೆ.

"ಸಪಾತೋ" ಅಂತು ಗಿಣಿ.

ಒತ್ತಿದ್ದೇ ಓಡಿದೆ. ಮಕ್ಕಳು ಬಾಗಿಲಿಗೆ ಅಡ್ಡ ಬಂದ್ವು, ತಳ್ಳಿಕೊಂಡು ದಾಟಿದೆ. ಮೆಟ್ಟಿಲ ತಿರುವಲ್ಲಿ ಸೆರಗು ಕಂಬಿಗೆ ಸಿಕ್ಕಿ ಪರ್ರ್ ಅಂತ ಹರೀತು. ಕೆಳಗೆ ಬಂದು ಹೊರಬಾಗಿಲು ದಾಟಿ ಅಂಗಳಕ್ಕೆ ಬಿದ್ದೆ.

ಸಂಪಿನ ಹತ್ರ ಯಾರೂ ಇಲ್ಲ.

ಬಾಯಿ ತೆರೆದ ಸಂಪು, ಅದರ ಅಂಚೆಲ್ಲ ಒದ್ದೆ. ಒಳಗೆ ನೀರು ಅಲುಗಾಡ್ತಿತ್ತು, ಈಗಷ್ಟೇ ಏನೋ ಬಿದ್ದ ಹಾಗೆ. ನೀರಿನ ಮೇಲೆ ಒಂದು ಕೆಂಪು ತುಂಡು ತೇಲ್ತಿತ್ತು. ರಿಬ್ಬನ್ನಿನಷ್ಟೇ ಅಗಲ.

ನಾನು ಹೊಟ್ಟೆ ಮೇಲೆ ಬಿದ್ದು ಭುಜದವರೆಗೆ ಕೈ ಬಿಟ್ಟೆ. ನೀರು ಮಂಜಿನಷ್ಟು ತಣ್ಣಗಿತ್ತು. ಕೈಗೆ ಏನೂ ಸಿಗ್ಲಿಲ್ಲ. ಆ ಕೆಂಪು ತುಂಡನ್ನ ಹಿಡಿಯೋಕೆ ಹೋದ್ರೆ ಅದು ದೂರ ದೂರ ಹೋಗ್ತಿತ್ತು. ಲಾವಣ್ಯನ ಅಮ್ಮ ಬೆಳಗ್ಗೆ ಅವಳನ್ನ ಗೇಟಲ್ಲಿ ಬಿಟ್ಟು "ಮಿಸ್ ಹೇಳಿದ್ ಕೇಳು ಪುಟ್ಟ" ಅಂದಿದ್ದು ನೆನಪಾಯ್ತು. ಕೇಳಿದ್ಲಲ್ಲ, ಹೇಳಿದ್ದನ್ನೇ ಕೇಳಿದ್ಲಲ್ಲ ಆ ಮಗು! ನನಗೆ ಈಜು ಬರಲ್ಲ. ಬರದಿದ್ರೆ ಏನಂತೆ ಅಂತ ಸೀರೆ ಮೇಲಕ್ಕೆ ಕಟ್ಟಿ ಕಾಲು ಒಳಗೆ ಇಳಿಬಿಟ್ಟೆ.

ಗೇಟಾಚೆ ರಸ್ತೇಲಿ ನಿಂತು ಟ್ಯಾಂಕರ್ ತಿರುಗಿಸಿ ಕಳಿಸ್ತಿದ್ದ ಮುನಿಯಕ್ಕ ಓಡಿಬಂದು ನನ್ನ ರಟ್ಟೆ ಹಿಡಿದ್ಲು. "ಅಯ್ಯಯ್ಯೋ, ಇದೇನ್ ಮಾಡ್ತಿದ್ದೀಯ ಮಿಸ್ಸಮ್ಮಾ!"

"ಲಾವಣ್ಯ... ಒಳಗೆ..."

"ಯಾವ್ ಲಾವಣ್ಯ? ಇಲ್ಲಿ ಯಾರ್ ಬಂದ್ರು?" ಅಂದೋಳು ನನ್ನನ್ನ ಹಿಂದಕ್ಕೆ ಎಳೆದು ಕೂರಿಸಿದ್ಲು. ಆಮೇಲೆ ಆ ಕೆಂಪು ತುಂಡು ನೋಡಿ, "ಅದು ಟ್ಯಾಂಕರ್ ಪೈಪಿಗೆ ಸುತ್ತಿದ್ದ ಬಟ್ಟೆ ಕಣವ್ವಾ" ಅಂದ್ಲು. ಅವಳ ಮಾತು ಕೇಳಿಸ್ತು, ಆದ್ರೆ ನಂಬೋಕಾಗ್ಲಿಲ್ಲ. ನೀರು ನೋಡ್ತಾನೇ ಇದ್ದೆ.

ಆಗ ಮೇಲಿಂದ, ಮೆಟ್ಟಿಲ ತಲೇಲಿ ನಿಂತು, ಉಳಿದ ಮಕ್ಕಳೆಲ್ಲ ಒಂದೇ ಸಮ ಕಿರುಚಿದ್ವು. "ಮಿಸ್! ಲಾವಣ್ಯ ಫೋಟೋ ಬಂತು! ಸಪಾತೋ ಫೋಟೋ ಬಂತು!"

ಮಂಡಿ ಊರಿಕೊಂಡೇ ಎದ್ದೆ. ಹೊರಬಾಗಿಲು ದಾಟಿ ಒಳಗೆ ಬಂದು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಈಗ ತಾನೇ ನಾನು ಅವಳ ತಲೆ ಮೇಲೇ ಧಡಧಡ ಅಂತ ಇಳ್ಕೊಂಡು ಹೋಗಿದ್ದೆ.

ಶೂಗಳ ಮಧ್ಯೆ ಲಾವಣ್ಯ ಕೂತಿದ್ಲು. ಯೂನಿಫಾರ್ಮ್ ಕುತ್ತಿಗೆಯಿಂದ ಹೊಟ್ಟೆವರೆಗೆ ಒದ್ದೆ. ಅಷ್ಟು ಮುಂದಕ್ಕೆ ಬಗ್ಗಿದ್ಲು ಅಂತ ಆಗ ಗೊತ್ತಾಯ್ತು ನನಗೆ. ಅವಳ ಹತ್ರ ಬ್ಲೀಚಿಂಗ್ ವಾಸನೆ. ಮೈ ಮೇಲೆ ಒಂದು ಗೀರೂ ಇಲ್ಲ.

ಅವಳು ನನ್ನನ್ನ ನೋಡಿದ್ಲು. ಒದ್ದೆ ಸೀರೆ, ಬಿಚ್ಚಿದ ಕೂದಲು, ಏದುಸಿರು. ಟ್ಯಾಬನ್ನ ಒಡೆದುಹೋಗದ ಹಾಗೆ ಮೆಲ್ಲಗೆ ಒಂದು ಶೂ ಮೇಲಿಟ್ಟು, ಎರಡೂ ಕಿವಿಗೆ ಅಂಗೈ ಒತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಕೊಂಡ್ಲು. ಭುಜ ಎರಡೂ ಕಿವಿವರೆಗೆ ಏರಿತ್ತು.

"ಕಂದ" ಅನ್ನೋಕೆ ಹೋದೆ. ಊರಿಗೆಲ್ಲ ಕೇಳೋ ಗಂಟಲಿಂದ ಗಾಳಿ ಕೂಡ ಬರ್ಲಿಲ್ಲ. ಅಲ್ಲೇ ಅವಳೆದುರು ನೆಲದ ಮೇಲೆ ಕೂತ್ಕೊಂಡೆ, ಮುಟ್ಟೋಕೂ ಭಯ ಆಯ್ತು. ಹಿಂದೆ ಬಾಗಿಲ ಹತ್ರ ಮುನಿಯಕ್ಕ ಸೆರಗಲ್ಲಿ ಬಾಯಿ ಮುಚ್ಕೊಂಡು ಅಳ್ತಿದ್ಲು.

ಕಣ್ಣು ತೆಗೀದೆ, ಕಿವಿ ಮೇಲಿಂದ ಕೈ ತೆಗೀದೆ, ಲಾವಣ್ಯ ಮೆಲ್ಲಗೆ ಕೇಳಿದ್ಲು:

"ಮಿಸ್, ಬೈದು ಮುಗೀತಾ?"