ಹಳೆಯ ರಾಣಿ ಹೊರಟ ದಿನ

ಕಾಪುವಿನಿಂದ ಹೊರಟಾಗಿನಿಂದ ಸರ್ವೋತ್ತಮರು ಕಾರಿನಲ್ಲಿ ನೆಟ್ಟಗೆ ಕೂತಿರಲಿಲ್ಲ. ಕಿಟಕಿಯ ಗಾಜು ಇಳಿಸುವುದು, ಏರಿಸುವುದು. ಹೆಗಲ ಶಾಲನ್ನು ಮಡಚಿ ತೊಡೆಯ ಮೇಲಿಡುವುದು, ಮತ್ತೆ ಬಿಡಿಸುವುದು. ಕಾರು ಓಡಿಸುತ್ತಿದ್ದ ದೀಕ್ಷಿತಾ ಅವರ ತಂಗಿಯ ಮಗಳು. ನಂದಿಕೂರಿನ ವಿದ್ಯುತ್ ಸ್ಥಾವರದ ಹೊಗೆಕೊಳವೆ ಹಿಂದೆ ಸರಿದ ಮೇಲೆ ಕೇಳಿದಳು.

"ಎಂತ ಮಾವ, ಮಕ್ಕಳಿಗೆ ಜೇನಿನ ಕತೆ ಹೇಳ್ಲಿಕ್ಕೆ ಇಷ್ಟು ಹೆದರಿಕೆಯಾ?"

"ಹೆದರಿಕೆ ಎಂತದ್ದು. ಸೆಕೆ."

ಡಿಸೆಂಬರಿನ ಬೆಳಗು. ಸೆಕೆಯೇನೂ ಇರಲಿಲ್ಲ.

ಸರ್ವೋತ್ತಮರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಬರಿಯ ಮಾತಿನಿಂದ ಪಾತ್ರವನ್ನು ಎಬ್ಬಿಸಿ ನಿಲ್ಲಿಸುವ ಕೆಲಸ. ದುಂಬಿಯಿಂದ ಸತ್ತ ಪುರಾಣದ ಅಸುರನ ಪಾತ್ರಕ್ಕೆ ಅವರನ್ನೇ ಕರೆಯುತ್ತಿದ್ದರು. ಆದರೆ ಕಳೆದ ಮಳೆಗಾಲದಲ್ಲಿ, ತಮ್ಮ ಊರಿನದೇ ಕೂಟದಲ್ಲಿ, ವಾದದ ನಡುವೆ ಮಾತು ನಿಂತುಹೋಯಿತು. ಹಾಡುವ ಭಾಗವತರು ಪದ್ಯವನ್ನು ಇನ್ನೊಮ್ಮೆ ಎತ್ತಿಕೊಟ್ಟರೂ ನಾಲಿಗೆ ಏಳಲಿಲ್ಲ. ಎದುರಿನ ಅರ್ಥಧಾರಿ ಹೇಗೋ ಮುಚ್ಚಿಹಾಕಿದ. ಆಮೇಲೆ ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅದೇ ಅವರನ್ನು ಹೆಚ್ಚು ಕೊರೆಯಿತು. ಬಂದ ಕರೆಗಳನ್ನೆಲ್ಲ ನಿರಾಕರಿಸಿದರು. ಬಲೆ, ಹಗ್ಗ ಮಾರುವ ತಮ್ಮ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸಿಡುಕಿದರು.

ದೀಕ್ಷಿತಾಳಿಗೆ ಮಣಿಪಾಲದ ಗ್ರಂಥಾಲಯವೊಂದರಲ್ಲಿ ಕೆಲಸ. ತನ್ನ ರಜೆಯ ದಿನ ಶಾಲೆಗಳಿಗೆ ಹೋಗಿ ಕತೆ ಹೇಳುತ್ತಾಳೆ. ಬಜಗೋಳಿ ಕಡೆಯ ಶಾಲೆಯೊಂದು ಜೇನಿನ ಬಗ್ಗೆ ಕೇಳಿದಾಗ ಮಾವನನ್ನೇ ಹಿಡಿದಳು. ಅವರಿಗೆ ಅಸುರ ಗೊತ್ತಿದ್ದ, ಜೇನು ಗೊತ್ತಿರಲಿಲ್ಲ. ಅವಳು ತಂದುಕೊಟ್ಟ ಪುಸ್ತಕಗಳನ್ನೆಲ್ಲ ಪರೀಕ್ಷೆಗೆ ಕೂರುವವರಂತೆ ಬಾಯಿಪಾಠ ಮಾಡಿದರು.

ಶಾಲೆಯ ಅಂಗಳದಂಚಿನ ಗೇರುಮರದ ಕೆಳಗೆ ಮೂರು ಜೇನುಪೆಟ್ಟಿಗೆಗಳಿದ್ದವು. ವಿಜ್ಞಾನದ ಮೇಷ್ಟ್ರು ತಿಲಕ್ ಸಾಕಿದ್ದು. ಮಕ್ಕಳು ನೆರಳಿನಲ್ಲಿ ಸಾಲಾಗಿ ಕೂತರು. ಸರ್ವೋತ್ತಮರು ಅಸುರನಿಂದಲೇ ಶುರುಮಾಡಿದರು. ಎರಡು ಕಾಲಿನವರಿಂದ ಸಾವಿಲ್ಲ, ನಾಲ್ಕು ಕಾಲಿನವುಗಳಿಂದಲೂ ಇಲ್ಲ ಎಂದು ವರ ಪಡೆದು ಮೆರೆದವನನ್ನು ಕೊಲ್ಲಲು ದೇವಿ ಆರು ಕಾಲಿನ ದುಂಬಿಯಾದಳು ಎಂದಾಗ ಮಕ್ಕಳು ನಕ್ಕರು. ಹಿಂದಿನವರು ಮರದ ಪೊಟರೆಗೆ ಕೈಹಾಕಿ ಜೇನು ತೆಗೆಯುತ್ತಿದ್ದದ್ದು, ಆಮೇಲೆ ಪೆಟ್ಟಿಗೆ ಬಂದದ್ದು, ಎಲ್ಲವೂ ಸರಾಗವಾಗಿ ಸಾಗಿತು.

"ತೊಂಬತ್ತರ ದಶಕದಲ್ಲಿ ಜೇನಿಗೆ ಒಂದು ರೋಗ ಬಂತು. ಪೆಟ್ಟಿಗೆಗಳೆಲ್ಲ…"

ಅಲ್ಲಿಗೆ ಮಾತು ನಿಂತಿತು. ಮುಂದಿನ ಸಾಲಿನವರು ಮಿಸುಕಾಡಿದರು, ಯಾರೋ ಕಿಸಕ್ಕೆಂದರು. ಸರ್ವೋತ್ತಮರ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಕಿವಿ ಉಜ್ಜಿಕೊಂಡರೂ ಸದ್ದು ನಿಲ್ಲಲಿಲ್ಲ, ಏರಿತು. ಆಗ ತಿಳಿಯಿತು, ಅದು ತಮ್ಮ ಕಿವಿಯೊಳಗಿನದಲ್ಲ.

ನಡುವಿನ ಪೆಟ್ಟಿಗೆಯ ಬಾಯಿಂದ ಜೇನುನೊಣಗಳು ಉಕ್ಕಿ ಬರುತ್ತಿದ್ದವು. ನೋಡನೋಡುತ್ತಿದ್ದಂತೆ ಅಂಗಳದ ಮೇಲೆ ಗಾಳಿಯೇ ಕಪ್ಪಾಯಿತು. ಹಿಂದಿನ ಸಾಲಿನವರು ಎದ್ದರು, ಒಬ್ಬಳು ಅಳತೊಡಗಿದಳು.

"ಓಡ್ಬೇಡಿ, ಕೈ ಬೀಸ್ಬೇಡಿ" ಎಂದ ತಿಲಕನ ಸ್ವರ ಆ ಗದ್ದಲದಲ್ಲಿ ಮುಳುಗಿಹೋಯಿತು.

"ಕುಳಿತುಕೊಳ್ಳಿ."

ಸರ್ವೋತ್ತಮರದು, ಮೈಕಿಲ್ಲದೆ ಸಭೆಯ ಕೊನೆಗೆ ಮುಟ್ಟುವ ಅಸುರನ ಸ್ವರ. ಮಕ್ಕಳು ಕೂತರು, ಎದ್ದಿದ್ದ ಮೇಷ್ಟ್ರುಗಳೂ ಕೂತರು. ಕೂರಿಸಿದ ಮೇಲೆ ಹಾಗೆಯೇ ಹಿಡಿದಿಡಬೇಕಲ್ಲ. ಬಾಯಿಪಾಠದ್ದು ಒಂದೂ ನೆನಪಿಗೆ ಬರದೆ ತಿಲಕನತ್ತ ತಿರುಗಿದರು.

"ಮೇಷ್ಟ್ರೇ, ಇವಕ್ಕೆ ಎಂತ ಆಯಿತು?"

"ಪಾಲಾಗ್ತಾ ಉಂಟು. ಒಳಗೆ ಹೊಸ ರಾಣಿ ಹುಟ್ಲಿಕ್ಕುಂಟು. ಹಳೇ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಬೇರೆ ಮನೆ ಹುಡುಕ್ಲಿಕ್ಕೆ ಹೊರಟಿದ್ದಾಳೆ. ಈಗ ಅವಕ್ಕೆ ಯಾರ ಮೇಲೂ ಸಿಟ್ಟಿಲ್ಲ."

ಅಷ್ಟು ಸಾಕಾಯಿತು. ಸರ್ವೋತ್ತಮರು ನೆಲಕ್ಕೆ ಕೂತರು, ಸ್ವರ ತಗ್ಗಿಸಿದರು. ತುಂಬಿದ ಮನೆಯನ್ನು ಇನ್ನೂ ಕಣ್ಣುಬಿಡದ ಮಗಳಿಗೆ ಬಿಟ್ಟು ಹೊರಡುವ ರಾಣಿ ಅವರ ಬಾಯಲ್ಲಿ ಮಾತಾಡತೊಡಗಿದಳು. "ಮಗಳೇ, ಮೇಣದ ಎರಿಯಲ್ಲಿ ಜೇನುತುಪ್ಪ ಉಂಟು, ಪರಾಗ ಉಂಟು. ಬಾಗಿಲಲ್ಲಿ ಕಾವಲು ಉಂಟು. ನಾನು ಕೊಂಡುಹೋಗುವುದು ಜೊತೆಗೆ ಬರುವ ಇವರ ಹೊಟ್ಟೆ ತುಂಬ ಜೇನು, ಅಷ್ಟೇ."

ಮೊದಲ ಸಾಲಿನ ಝೀಟಾ ಎಂಬ ಪುಟ್ಟ ಹುಡುಗಿ ತಲೆಯ ಮೇಲೆ ಹಾರುವ ನೊಣಗಳಿಂದ ಕಣ್ಣು ಕೀಳದೆಯೇ ಕೇಳಿದಳು, "ಮನೆ ಅವಳದ್ದೇ ಅಲ್ವಾ? ಮತ್ತೆ ಅವಳೇ ಯಾಕೆ ಹೋಗ್ಬೇಕು?"

"ಹುಟ್ಟುವವಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ ಮಗಾ. ಬಲಿತವರು ಹೊರಡಬೇಕು."

"ಅವಳಿಗೆ ಬೇಜಾರಾಗುವುದಿಲ್ವಾ?"

ಸರ್ವೋತ್ತಮರು ಏನೋ ಹೇಳಲು ಹೊರಟರು. ಶಾಲು ಸರಿಪಡಿಸುವಾಗ ಅದರ ಮಡಿಕೆಯಲ್ಲಿ ಸಿಕ್ಕಿದ್ದ ನೊಣವೊಂದು ಕಿವಿಯ ಹಿಂದೆ ಚುಚ್ಚಿತು. ಉಸಿರು ಕಟ್ಟಿ, ಮಕ್ಕಳ ಮುಖ ನೋಡಿ, ಅಲುಗಾಡದೆ ಕೂತರು. "ಆಗ್ತದೆ" ಎಂದರು.

ಹಿಂಡು ಗೇರುಮರದ ಕೊಂಬೆಗೆ ಎಳೆ ಹಲಸಿನಕಾಯಿಯ ಹಾಗೆ ಜೋತುಬಿತ್ತು. ತಿಲಕ್ ಖಾಲಿ ಪೆಟ್ಟಿಗೆ ತಂದು ಕೊಂಬೆಯನ್ನು ಒಮ್ಮೆ ಜಾಡಿಸಿದ. ರಾಣಿ ಒಳಗೆ ಬಿದ್ದಳು. ಉಳಿದವು ತಾವಾಗಿ ಅವಳ ಹಿಂದೆ ಇಳಿದವು.

ಹಿಂದಿರುಗುವಾಗ ಸರ್ವೋತ್ತಮರ ಕಿವಿ ಊದಿತ್ತು. ಕಾರ್ಕಳ ದಾಟಿದರೂ ಮೈ ಹೊರಳಿಸುತ್ತಲೇ ಇದ್ದರು.

"ರಾಣಿ ತಾನಾಗಿ ಹೊರಡುವುದಾ, ಇಲ್ಲ ಗೂಡಿನವರು ಹೊರಡಿಸುವುದಾ?"

"ಕೆಲಸದ ನೊಣಗಳೇ ಹೊರಡಿಸುವುದಂತೆ. ಮೈ ಹಗುರಾಗಿ ಹಾರ್ಲಿಕ್ಕೆ ಆಗಲಿ ಅಂತ ಮೊದಲೇ ಅವಳ ಆಹಾರ ಕಡಿಮೆ ಮಾಡ್ತಾವಂತೆ. ತಿಲಕ್ ಮೇಷ್ಟ್ರು ಹೇಳಿದ್ರು."

"ಹಾಗಾದರೆ ಆ ಹುಡುಗಿಗೆ ನಾನು ಹೇಳಿದ್ದು ಸರಿಯಾಗಲಿಲ್ಲ. ಕಾರು ತಿರುಗಿಸು."

"ಮಾವ, ಇವತ್ತು ಶನಿವಾರ. ಶಾಲೆ ಬಿಟ್ಟಾಯಿತು."

"ಸೋಮವಾರ ಹೋಗುವ."

ದೀಕ್ಷಿತಾ ಉತ್ತರಿಸುವುದರೊಳಗೆ ಅವರು ಕೂಟದಲ್ಲಿ ಕೂತವರಂತೆ ವಾದ ಶುರುಮಾಡಿಯಾಗಿತ್ತು. ಮೊದಲು ರಾಣಿಯ ಪರವಾಗಿ. ಬೆಳ್ಮಣ್ ಬರುವ ಹೊತ್ತಿಗೆ ಸೀಟಿನಲ್ಲೇ ಇನ್ನೊಂದು ಮಗ್ಗುಲಿಗೆ ತಿರುಗಿ, ಅವಳನ್ನು ಹೊರಡಿಸಿದವರ ಪರವಾಗಿ.